ಎಲ್ಲಿ ಕೂರಿಸುವುದು

ಸ್ವಿಚ್ಚಿನ ಮುಚ್ಚಳ ಬಿಚ್ಚಿದೆ. ಎರಡೇ ತಂತಿ,
ಅಲ್ಯೂಮಿನಿಯಮ್ಮು, ಸೋವಿಯತ್ ಕಾಲದ್ದು,
ಎರಡು ಸಲ ಬಾಗಿ ಮೂರನೆಯದಕ್ಕೆ ಪಟ್ಟೆಂದು ಮುರಿಯುವಂಥದ್ದು.
ಕರೆಂಟು ಬರುವ ದಾರಿಯಿದೆ, ದೀಪಕ್ಕೆ ಹೋಗುವ ದಾರಿಯಿದೆ,
ನ್ಯೂಟ್ರಲ್ ಇಲ್ಲ.
ಇಲ್ಲಿ ಕೂರುವುದಿಲ್ಲ, ಅಂದೆ ಮಾರಿಕಾಗೆ.
ಅಂಗೈಯಲ್ಲಿ ಡಿಮ್ಮರು, ಅರ್ಧ ಬೆಂಕಿಪೆಟ್ಟಿಗೆಯಷ್ಟು.

ಹಾಗಾದರೆ ಮೇಲೆ, ದೀಪದ ಬುಡದಲ್ಲಿ?
ಬೇಡ. ಅಲ್ಲಿ ಬಿಸಿ. ಕೆಟ್ಟ ದಿನ ಏಣಿ ಹತ್ತುವವರು ಯಾರು?
ಪ್ರೀಟ್‌ಗೆ ಮೊಣಕಾಲು ನೋವು. ಬೇಕರಿಗೆಂದು ಮೂರಕ್ಕೇ ಏಳುತ್ತಾನೆ;
ಹದಿನಾರು ವರ್ಷದಿಂದ ಟಾರ್ಟುವಿನ ಈ ಕೋಣೆಯಲ್ಲಿ
ಮೂರಕ್ಕೇ ನೂರು ವಾಟಿನ ಸೂರ್ಯ ಹುಟ್ಟಿ
ಇವಳ ರೆಪ್ಪೆಗೆ ಬಾರಿಸುತ್ತಾನೆ.

ಮೇನ್ ಆರಿಸಿ, ಬೆರಳ ಗೆಣ್ಣಿನಿಂದ ಗೋಡೆ ತಟ್ಟುತ್ತ ಹೋದೆ,
ಕಲ್ಲಂಗಡಿ ಆರಿಸುವವಳ ಹಾಗೆ.
ಬಾಗಿಲ ಮೇಲೆ, ಚಾವಣಿಗೆ ಗೇಣು ಕೆಳಗೆ,
ಗುಲಾಬಿ ವಾಲ್‌ಪೇಪರಿನ ಹಿಂದೆ ಟೊಳ್ಳು ದನಿ.
ಕೊಯ್ದೆ.
ಮನೆಯ ತಂತಿಗಳೆಲ್ಲ ಅಲ್ಲಿ ತಲೆ ಕೂಡಿಸಿ ಕೂತಿದ್ದವು,
ನಡುವೆ ನ್ಯೂಟ್ರಲ್ಲೂ. ನೀಲಿಯಲ್ಲ, ಎಲ್ಲರಂತೆ ಬರೀ ಬಿಳಿ,
ಮೀಟರು ಹಿಡಿದು ಕೇಳಿದ ಮೇಲೇ ಒಪ್ಪಿಕೊಂಡದ್ದು.

ಮುಚ್ಚಳದ ಮೇಲೆ ಮತ್ತೆ ಪೇಪರು ಅಂಟಿಸಬೇಡಿ.
ಗುಲಾಬಿಯಲ್ಲಿ ತೂತು ಬೀಳುತ್ತಲ್ಲ?
ಬೀಳಲಿ.

ವಾರ ಕಳೆದು ಮಾರಿಕಾಳ ಫೋನು:
ಹತ್ತು ಪರ್ಸೆಂಟಿಗಿಟ್ಟರೂ ಎಚ್ಚರವಾಗುತ್ತೆ.
ಇನ್ನೂ ತಗ್ಗಿಸಲಾ?
ಬೇಡ ಬೇಡ.
ಕಾಲುಚೀಲ ಹಾಕುವಾಗ ನಾಲಿಗೆ ಕಚ್ಚಿಕೊಳ್ಳುತ್ತಾನೆ,
ಅಕ್ಷರ ತಿದ್ದುವ ಹುಡುಗನ ಹಾಗೆ.
ನನಗೆ ಗೊತ್ತೇ ಇರಲಿಲ್ಲ.