ಏಳನೇ ಪ್ರಶ್ನೆ

ಪುಣೆಯ ಸಂಸ್ಥೆಯಿಂದ ಫಾರ್ಮು ಬಂದೈತಿ.
ಸರ್ಟಿಫಿಕೇಟು ಕೊಟ್ಟವರೇ ಕೇಳ್ಯಾರ, ಆರು ವರ್ಷ ಆದ ಮ್ಯಾಲ:
ಲೈಫ್ ಕೋಚ್ ಆಗಿ ನಿಮ್ಮ ವೃತ್ತಿ
ನಿಮಗೆ ಎಷ್ಟು ತೃಪ್ತಿ ಕೊಟ್ಟಿದೆ?
ಒಂದರಿಂದ ಹತ್ತರೊಳಗೆ ಗುರುತು ಹಾಕಿ.

ಬಾಗಲಕೋಟಿ, ನವನಗರ.
ಕೆಳಗ ಝೆರಾಕ್ಸ್ ಅಂಗಡಿ, ಮ್ಯಾಲ ನಾನು.
ಎರಡು ಕುರ್ಚಿ, ಒಂದು ಹೂಜಿ, ಒಂದು ಗಡಿಯಾರ
ಬಂದವರ ಬೆನ್ನ ಹಿಂದ, ನನಗಷ್ಟ ಕಾಣೂವಂಗ.
ಬೋರ್ಡಿಗೆ ‘ಲೈಫ್ ಕೋಚ್’ ಬರಿ ಅಂದ್ರ
ಪೇಂಟರ್ ದಸ್ತಗೀರ ‘ಕೋಚಿಂಗ್’ ಅಂತ ಬರದಿದ್ದ.
ಮೊದಲ ವಾರ ಬಂದವರೆಲ್ಲಾ
ಹತ್ತನೇತ್ತೆ ಗಣಿತಕ್ಕ ಫೀಸು ಎಷ್ಟ್ರೀ ಅಂದರು.

ಅವ್ವಗ ಇನ್ನೂ ತಿಳಿದಿಲ್ಲ ನನ್ನ ಕೆಲಸ.
“ಮಂದಿ ದುಃಖ ಕೇಳಾಕ ರೊಕ್ಕ ತಗೋತೀಯೇನ?
ನಾವು ಬಾವಿಕಟ್ಟಿ ಮ್ಯಾಲ ಪುಕ್ಕಟ ಕೇಳ್ತಿದ್ವಿ.”
ಆ ಬಾವಿ ಈಗ ಹಿನ್ನೀರಿನ ತಳದಾಗ ಐತಿ, ಅವ್ವಾ.
ಕಟ್ಟಿನೂ.
ಓಣಿ ಒಡದು ಸೆಕ್ಟರ್ ಆದಾಗ
ಯಾರ ಮಾತು ಯಾರ ಬಾಗಲಿಗೆ ಹೋಗಬೇಕು ಅನ್ನೂದನ್ನ
ಯಾರೂ ನಕಾಶದಾಗ ಹಾಕಲಿಲ್ಲ.

ಇರಲಿ, ಫಾರ್ಮಿನ ಮಾತು.
ಬಾಡಿಗಿ ನಾಕೂವರೆ ಸಾವಿರ.
ಈ ಕಸಬಿನ ಗಮ್ಮತ್ತು ಏನಂದ್ರ
ಛಲೋ ಮಾಡಿದ್ರ ಗಿರಾಕಿ ತಿರುಗಿ ಬರಂಗಿಲ್ಲ.
ರೊಟ್ಟಿ ಕೇಂದ್ರದ ನೀಲವ್ವ ಎಂಟು ವಾರ ಬಂದಳು,
ಕೈಯಾಗಿನ ಹಿಟ್ಟು ತಿಕ್ಕಿಕೋತ, ಕುರ್ಚಿ ತುದಿಗೆ.
ಒಂಬತ್ತನೇ ವಾರ ಮೈದುನಗ
“ಲೆಕ್ಕದ ಬುಕ್ಕ ಇಲ್ಲೇ ಇಡು” ಅಂದಳಂತ.
ಹತ್ತನೇ ವಾರ ಕುರ್ಚಿ ಖಾಲಿ.
ಸಿಮೆಂಟ್ ಫ್ಯಾಕ್ಟರಿ ಇಂಜಿನಿಯರ್ ಮಾತ್ರ
ಎರಡು ವರ್ಷದಿಂದ ತಪ್ಪದ ಬರ್ತಾನ,
ತಪ್ಪದ ಫೀಸು ಕೊಡ್ತಾನ,
ನಾ ಅಂದದ್ದೆಲ್ಲಾ ನೋಟಬುಕ್ಕಿನಾಗ ಬರಕೋತಾನ,
ಒಂದೂ ಮಾಡಂಗಿಲ್ಲ.
ನನ್ನ ಬಾಡಿಗಿ ಅವನ ಸೋಲಿನಾಗ ಹೋಗತೈತಿ.
ಇದಕ್ಕ ಎಷ್ಟು ಅಂಕ, ಪುಣೆಯವರ?

ಹೋದ ಮಂಗಳವಾರ ಗುಳೇದಗುಡ್ಡದ ಬಸ್ ಹತ್ತಿದೆ.
ಕಂಡಕ್ಟರ್ ಸಂಗನಬಸು.
ಹೆಸರು ಬದಲಿಸೇನಿ, ಅದು ನಮ್ಮ ನೇಮ.
ಒಬ್ಬ ಮುದುಕನ ಕೊರಳಪಟ್ಟಿ ಹಿಡದು ಇಳಿಸಿದ್ದಕ್ಕ
ನನ್ನ ಮುಂದ ಎರಡು ಸೋಮವಾರ ಬರೇ ಅತ್ತವ.
“ಆಧಾರ ತೋರಸ್ರಿ” ಅಂದ.
ಗುರುತು ಹಿಡಿಯದ ಮುಖ ಅಲ್ಲ ಅದು.
ಹಿಡಿದು, ಬ್ಯಾಗಿನಾಗ ಇಟ್ಟು, ಚೈನು ಎಳೆದ ಮುಖ.
ತೋರಿಸಿದೆ. ಮಷೀನು ಕಿರ್ರ್ ಅಂತು.

ಹಿಂದಿನ ಸೀಟಿನಾವ ಐನೂರರ ನೋಟು ಹಿಡದು
ಚಿಲ್ಲರೆ ಸಲುವಾಗಿ ಬೈಯಾಕ ಹತ್ತಿದ.
ಮೊದಲ ಇವನನ್ನ, ಆಮ್ಯಾಲ ಇವನ ತಾಯಿನ್ನ.
ಬಸ್ಸಿಗೆ ಬಸ್ಸೇ ಹೊಳ್ಳಿ ನೋಡಿತು.
ಸಂಗನಬಸುನ ಎಡಗೈ ಹೆಬ್ಬೆರಳು
ಬೆರಳಿನ ಗೆಣ್ಣಿನ ಮ್ಯಾಲ ಸಾವಕಾಶ ಇಳೀತು,
ಕಿರಿಬೆರಳಿಗೆ ಮೂರು, ಉಂಗುರಬೆರಳಿಗೆ ಮೂರು,
ನಡುಬೆರಳಿಗೆ ಎರಡು...
“ಊರು ಬರೂದ್ರಾಗ ಕೊಡ್ತೀನ್ರೀ ಯಜಮಾನ್ರ. ಕೂಡ್ರಿ.”

ಆ ಎಣಿಕಿ ನಾ ಕಲಿಸಿದ್ದು.
ನನಗ ಅಪ್ಪ ಕಲಿಸಿದ್ದ, ಖಣದ ಮಗ್ಗದ ಮುಂದ,
ಎಳಿ ಹರಿದಾಗ ಸಿಟ್ಟು ಬಟ್ಟಿಗೆ ಇಳೀಬಾರದು ಅಂತ.
ಪುಣೆಯ ಸಿಲೆಬಸ್ಸಿನಾಗ ಇದ್ದಿಲ್ಲ.

ನಾ ಇಳಿಯೂತನಕ ಅವ ನನ್ನ ಕಡೆ ನೋಡಲಿಲ್ಲ.
ನಾನೂ ಕಿಟಕಿ ಆಚೆ ಕೆಂಪು ಗುಡ್ಡ ನೋಡಿದೆ,
ಕಣ್ಣಾಗ ಧೂಳು ಬಿದ್ದವರಂಗ.

ರಾತ್ರಿ ಪೆನ್ನು ಹಿಡದು ಕುಂತೆ.
ಬಾಡಿಗಿ ನೆನಸಿದರ ಎರಡು.
ಆ ಹೆಬ್ಬೆರಳು ನೆನಸಿದರ
ಹತ್ತರ ಮುಂದ ಅವರು ಜಾಗಾನ ಬಿಟ್ಟಿಲ್ಲ.
ಪರ್ಸಿನಾಗ ಟಿಕೆಟು ಸಿಕ್ತು:
ಮಹಿಳೆ ಒಂದು. ಮೊತ್ತ ಸೊನ್ನೆ.
ಏಳನೇ ಪ್ರಶ್ನೆಗೆ ಇದನ್ನ ಚುಚ್ಚೋಣ ಅಂತ
ಟಾಚಣಿ ಹುಡುಕಿದೆ, ಸಿಗಲಿಲ್ಲ.
ನಾಳಿ ಹತ್ತೂವರೆಗೆ ಇಂಜಿನಿಯರ್ ಬರ್ತಾನ.
ಹೂಜಿ ತುಂಬಿಸಬೇಕು.