ಎರಡು ಪಾಯಿಂಟ್ ಒಂಬತ್ತು

ಫೋಂಡಾದ ಮೊದಲ ಬಸ್ಸಿಗಿಂತ ಮುಂಚೆ
ಸಾಕೋರ್ಡೆಯ ಡೇರಿಯಲ್ಲಿ ಶಟರ್ ಎತ್ತುವವಳು ನಾನು.
ಕ್ಯಾನುಗಳು ಬರುತ್ತವೆ, ನಂಬರು ಹೊತ್ತು:
ಹದಿನೇಳು, ನಲವತ್ತೆರಡು, ಮೂವತ್ತೊಂದು.
ಮುಚ್ಚಳ ತೆರೆದು ಮೂಗು ಬಗ್ಗಿಸಿದರೆ
ಯಾರ ಹಸು ನಿನ್ನೆ ಏನು ತಿಂದಿತೆಂದು ಹೇಳಬಲ್ಲೆ.
ಹೂಕೋಸಿನ ಎಲೆ ಹಾಲಿಗೆ ಬಂದರೂ ಹೂಕೋಸೇ.
ಹಲಸಿನ ಸಿಪ್ಪೆಯದು ಒಂಥರಾ ಹಲ್ಲಿಗಂಟುವ ಸಿಹಿ.
ಏಪ್ರಿಲಿನಲ್ಲಿ, ಫೆನಿಯ ಭಟ್ಟಿಗಳು ಉರಿಯುವಾಗ,
ಅರ್ಧ ತಾಲೂಕಿನ ಹಾಲಿಗೆ ಗೇರುಹಣ್ಣಿನ ಹಿಪ್ಪೆಯ ಘಮ.

ಮಷೀನಿಗೆ ಮೂಗಿಲ್ಲ. ಅದಕ್ಕೆ ಎರಡೇ ಪ್ರಶ್ನೆ:
ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು.

ಮೂವತ್ತೊಂದು ಅಂದರೆ ದ್ರೌಪದಾ ಗಾಂವಕರ್.
ನಾಲ್ಕು ದಿನ ಒಂದೇ ಸಮ
ಎರಡು ಪಾಯಿಂಟ್ ಒಂಬತ್ತು.
ಮೂರರ ಕೆಳಗಿಳಿದ ಹಾಲಿಗೆ ಇಲ್ಲಿ ಬೇರೆ ದರ,
ಸಾಲಿನಲ್ಲಿ ಬೇರೆ ನೋಟ.
"ಉದಕ ಬಾವಿಯದೋ ನಳದ್ದೋ?" ಯಾರೋ ಕೇಳಿದರು,
ಉಳಿದವರು ನಕ್ಕರು.
ಚೀಟಿ ಮಡಚಿ ಕುಪ್ಪಸದೊಳಗಿಟ್ಟು ಹೊರಟಳು.

ನೀರು ಬಿದ್ದಿದ್ದರೆ ಎರಡೂ ಅಂಕಿ ಇಳಿಯಬೇಕು.
ಎಸ್‌ಎನ್‌ಎಫ್ ಎಂಟೂವರೆಗೆ ಕಾಲೂರಿ ನಿಂತಿದೆ.

ಮಧ್ಯಾಹ್ನ ಹೋದೆ.
ತಾಂಬಡಿ, ಕೆಂಪು ಮಿಶ್ರತಳಿ, ಒಂದು ಕೊಂಬು ಒಳಡೊಂಕು,
ಬಿಸಿಲು ತಟ್ಟುವ ಕೊಟ್ಟಿಗೆಯಲ್ಲಿ ನಿಂತೇ ಇತ್ತು.
ಗೋದಲಿ ತುಂಬಿತ್ತು: ಹಿಂಡಿ, ಬೂಸಾ,
ಬುಟ್ಟಿಗಟ್ಟಲೆ ಹಿಪ್ಪೆ.
"ಮೂಟೆಗೆ ಸಾವಿರದಿನ್ನೂರು ಕೊಟ್ಟು ತಂದೆ,
ಹೊಟ್ಟೆಗೆ ಕಡಿಮೆ ಮಾಡಿಲ್ಲ" ಎಂದಳು,
ಮಗುವಿನ ತೂಕಕ್ಕೆ ಡಾಕ್ಟರ ಬೈಗುಳ ತಿಂದ ತಾಯಿಯ ಹಾಗೆ.
ಅಟ್ಟ ನೋಡಿದೆ. ಹುಲ್ಲಿಲ್ಲ.
ಒಂದು ಮುರಿದ ಮೊರ, ಕಟ್ಟಿರುವೆ.

ತಾಂಬಡಿಯ ಎದುರು ಕುಕ್ಕರುಗಾಲಲ್ಲಿ ಕೂತೆ.
ಬಹಳ ಹೊತ್ತಿನ ಮೇಲೆ
ಗಂಟಲಲ್ಲಿ ಒಂದು ಉಂಡೆ ಮೇಲೇರಿತು, ದವಡೆ ತಿರುಗಿತು.
ಎಣಿಸಿದೆ.
ಮೂವತ್ತನಾಲ್ಕಕ್ಕೇ ನುಂಗಿಬಿಟ್ಟಿತು. ಐವತ್ತು ದಾಟಬೇಕಿತ್ತು.
ನಮ್ಮಜ್ಜಿ ಎಣಿಸುತ್ತಿರಲಿಲ್ಲ.
"ಮೆಲಕಾಡದ ದನದ ಹಾಲಿಗೆ ಕೆನಿ ಕಟ್ಟಂಗಿಲ್ಲ" ಅನ್ನುತ್ತಿದ್ದಳು,
ಅದೂ ದನಕ್ಕೆ ಅಂದದ್ದಲ್ಲ,
ದುಡುಕಿ ಮಾತಾಡುವ ನಮ್ಮ ದೊಡ್ಡಪ್ಪನಿಗೆ.

ಹೊಟ್ಟೆಗೆ ಒರಟು ಬೇಕು ಬಾಯೀ, ಅಂದೆ.
ಬರೀ ಮೆತ್ತಗಿನದು ಉಂಡರೆ ಒಳಗೆ ಹುಳಿಯೇರುತ್ತದೆ,
ಮೆಲುಕಿಲ್ಲದೆ ಜೊಲ್ಲಿಲ್ಲ, ಜೊಲ್ಲಿಲ್ಲದೆ ಹುಳಿ ಇಳಿಯದು.
ಕೆನೆಯ ಬೇರು ಹುಲ್ಲಿನಲ್ಲಿದೆ.
ಆಕೆ ನಂಬಲಿಲ್ಲ.
ಒಣಗಿದ್ದನ್ನು ತಿಂದು ಜಿಡ್ಡು ಕೊಡುವುದು ಹೇಗೆ?
ಕೇಳಿದ್ದು ಸರಿಯೇ. ನನಗೂ ಪೂರ್ತಿ ಗೊತ್ತಿಲ್ಲ.

ಶನಿವಾರ ಅನಮೋಡ ಘಾಟಿ ಇಳಿದು
ಹಳಿಯಾಳದ ಲಾರಿ ಬಂತು, ಮನೆಯೆತ್ತರ ಹೇರಿಕೊಂಡು,
ದಾರಿಯ ಕೊಂಬೆಗಳಿಗೆಲ್ಲ ಎಳೆ ಹುಲ್ಲು ಸಿಕ್ಕಿಸುತ್ತ.
ಇಪ್ಪತ್ತು ಕಟ್ಟು ಇಳಿಸಿಕೊಂಡೆವು.
ಒಂದನ್ನು ಬಿಚ್ಚಿ ಮೂಗಿಟ್ಟೆ.
ನಮ್ಮ ಕಡೆಯ ಗದ್ದೆ. ಅಲ್ಲಿನ ಧೂಳಿಗೇ ಸೀನು ಬಂತು.
ಹನ್ನೊಂದು ವರ್ಷದಿಂದ ಇಲ್ಲಿನ ಹಾಲು ಅಳೆಯುತ್ತಿದ್ದೇನೆ,
ಅದರಲ್ಲಿ ನಮ್ಮೂರೂ ಇದೆಯೆಂದು
ಮಷೀನು ಒಮ್ಮೆಯೂ ತೋರಿಸಿರಲಿಲ್ಲ.

ಹಿಪ್ಪೆ ಅರ್ಧ. ಹಿಂಡಿ ಮುಕ್ಕಾಲು. ಹುಲ್ಲು ಕೈತುಂಬ.
ಮೊದಲ ವಾರ ಏನೂ ಆಗಲಿಲ್ಲ, ಆಕೆ ನನ್ನ ಮುಖ ನೋಡಲಿಲ್ಲ.
ಹನ್ನೆರಡನೆಯ ದಿನ ಮೂರು ಪಾಯಿಂಟ್ ಎರಡು.
ಆಮೇಲೆ ಮೂರು ಪಾಯಿಂಟ್ ಆರು.
ಸಾಲು ಬೇರೆ ಸುದ್ದಿ ಹುಡುಕಿಕೊಂಡಿತು.

ಹಾಲು ಮಾತ್ರ ಒಂದೂಕಾಲು ಲೀಟರು ಇಳಿಯಿತು.
ಚೀಟಿಯ ಹಿಂದೆ ಲೆಕ್ಕ ಹಾಕಿದೆವು:
ಹುಲ್ಲಿನ ದುಡ್ಡು ಕಳೆದು, ಮೂಟೆಯದು ಉಳಿಸಿ,
ದಿನಕ್ಕೆ ಹೆಚ್ಚಿಗೆ ಬಂದದ್ದು ಒಂಬತ್ತು ರೂಪಾಯಿ.
ಇಷ್ಟಕ್ಕೇ? ಎಂದೆ. ನಾಚಿಕೆಯಾಯಿತು.

ದ್ರೌಪದಾ ಖಾಲಿ ಕ್ಯಾನಿಗೆ ಮುಚ್ಚಳ ಬಿಗಿದಳು.
"ಈಗ ಮಧ್ಯಾಹ್ನ ಮಲಗುತ್ತದೆ ತಾಂಬಡಿ,
ಅರ್ಧ ಕಣ್ಣು ಮುಚ್ಚಿ.
ನಾನೂ ಕೂತು ಎಣಿಸಿದೆ.
ಐವತ್ತೆಂಟು."