ಅಡ್ಡ ಬರುವವಳು

ಬಿರ್ತೆ ಕ್ರಾಗೆಲುಂಡ್ ಎಂಬಾಕೆಯ ಕೆಲಸ ಅಡ್ಡ ಬರುವುದು.
ಸಂಬಳದ ಚೀಟಿಯಲ್ಲಿ ಬೇರೇನೋ ಇದೆ,
ಮೂರು ಪದ, ನಡುವೆ ಒಂದು ಗೀಟು.
ಕಂಪನಿಯ ನಾವು ಹತ್ತೊಂಬತ್ತು ಮಂದಿ ಮಾತ್ರ ಹೀಗೇ ಅನ್ನುವುದು:
ಅಡ್ಡ ಬರುವವಳು ಬಂದಳೇ? ಕಾಫಿ ಆಯಿತೇ? ಶುರು ಮಾಡೋಣವೇ?

ಓಡೆನ್ಸೆಯ ಹೊರಗೆ, ಕಡಲಿನ ಉಪ್ಪುಗಾಳಿಗೆ
ತಗಡು ಬಡಿದುಕೊಳ್ಳುವ ಈ ಶೆಡ್ಡಿನಲ್ಲಿ
ಒಂದು ಕಾಲಕ್ಕೆ ಹಡಗಿನ ಹೊಟ್ಟೆ ಬೆಸೆಯುತ್ತಿದ್ದರು.
ಈಗ ಗಾಲಿ ಕಟ್ಟಿಕೊಂಡ ಮಣೆಗಳು,
ಉಣ್ಣುವವರೇ ಬಾರದ ಪಂಕ್ತಿಯ ಹಾಗೆ
ಸಾಲಾಗಿ ಹೊರಟು, ತಮ್ಮಷ್ಟಕ್ಕೆ ತಾವೇ ತಿರುವು ಹುಡುಕಿ,
ಖಾಲಿ ರಟ್ಟಿನ ಪೆಟ್ಟಿಗೆ ಹೊತ್ತು ಸುತ್ತುತ್ತವೆ.
ನಿಜವಾದ ಗೋದಾಮು ಎಲ್ಲೋ ಇದೆ. ಇಲ್ಲಿರುವುದು ಅದರ ಸೋಗು:
ಟೇಪು ಅಂಟಿಸಿದ ಓಣಿ, ಸರಕಿಲ್ಲದ ಕಪಾಟು.

ಅವುಗಳ ಕಣ್ಣು ನೆಲದಿಂದ ಒಂದು ಗೇಣು ಮೇಲೆ.
ಮುಖ ಕಾಣದು. ಕೈ ಬೀಸಿದರೂ ಕಾಣದು.
ನನ್ನ ಪರದೆಯ ಮೇಲೆ ಬಿರ್ತೆ ಎಂದರೆ
ಎರಡು ಸಣ್ಣ ಕಮಾನು, ಕತ್ತರಿಸಿ ಬಿಸಾಡಿದ ಉಗುರಿನಂಥವು,
ಒಂದು ಮುಂದೆ, ಒಂದು ಹಿಂದೆ.
ಆ ಉಗುರುಚೂರು ಕಂಡಲ್ಲಿ ನಿಲ್ಲಬೇಕೆಂದು
ಮೂರು ವರ್ಷದಿಂದ ಕಲಿಸುತ್ತಿದ್ದೇನೆ.

ದಿನಕ್ಕೆ ಇನ್ನೂರು ಸಲ ಅಡ್ಡ ಬರುತ್ತಾಳೆ.
ಬೂಟಿನಲ್ಲಿ, ಚಪ್ಪಲಿಯಲ್ಲಿ, ಒದ್ದೆ ಕಾಲುಚೀಲದಲ್ಲಿ.
ಒಮ್ಮೆ ಉದ್ದ ಲಂಗ ತೊಟ್ಟು ಬಂದಳು,
ಕಂಬವೆಂದು ತಿಳಿದು ಸುತ್ತಿ ಹೋಗಲು ನೋಡಿತು.
ಕೋಲೂರಿ ಬಂದ ದಿನ ಮೂರು ಕಾಲು;
ಒಗಟು ಬಿಡಿಸುವವರಂತೆ ಬಹಳ ಹೊತ್ತು ನಿಂತಿತ್ತು.
ಕಿತ್ತಳೆ ಉರುಳಿಬಿಟ್ಟು ಅದರ ಹಿಂದೆ ಓಡುತ್ತಾಳೆ.
ಮಂಗಳವಾರ ಮಂಗಳವಾರ ಬೀಳುತ್ತಾಳೆ.
ಅರವತ್ತೊಂದರ ಹೆಂಗಸು, ತಣ್ಣನೆಯ ಕಾಂಕ್ರೀಟಿನ ಮೇಲೆ
ಯಾವ ದೇವರಿಗೂ ಅಲ್ಲದೆ ಉದ್ದಕ್ಕೆ ಅಡ್ಡಬಿದ್ದು
ಕಾಯುತ್ತಾಳೆ.
ಯಂತ್ರ ಬಂದು ನಲವತ್ತು ಸೆಂಟಿಮೀಟರಿಗೆ ನಿಲ್ಲುತ್ತದೆ.
"ಅಡ್ಡಿಯಿಲ್ಲ" ಅನ್ನುತ್ತಾಳೆ, ಮಂಡಿ ಕೊಡವಿ ಏಳುತ್ತ.
ಅವಳ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಇದೇ ಸೂರಿನಡಿ ಹನ್ನೊಂದು ವರ್ಷ ಕ್ರೇನು ಓಡಿಸಿದವಳು.
ನಿಲ್ಲು ಅಂದರೆ ಅದಕ್ಕೆ ನಿಲ್ಲಲು ಒಂಬತ್ತು ಸೆಕೆಂಡು ಬೇಕಿತ್ತು.
ಎಯ್ನರ್ ಎಂಬವನ ಮಾತು ಬಂದರೆ
ಅಷ್ಟೇ ಹೇಳುತ್ತಾಳೆ, ಒಂಬತ್ತು ಎಂದು,
ಮತ್ತೆ ಬುತ್ತಿ ಬಿಚ್ಚುತ್ತಾಳೆ:
ಕಪ್ಪು ರೊಟ್ಟಿ, ಮೇಲೆ ಉಪ್ಪುಮೀನು.

ಮಾರ್ಚ್ ತಿಂಗಳಲ್ಲಿ ಹ್ಯಾಂಬರ್ಗಿನ ಗಿರಾಕಿ ಬಂದ,
ಟೀಡೆಮಾನ್, ಮುನ್ನೂರು ಯಂತ್ರ ಕೊಳ್ಳುವವನು.
ಒಳ್ಳೆಯ ಮನುಷ್ಯ. ಮಗಳ ಫೋಟೋ ತೋರಿಸಿದ.
ಲೆಕ್ಕವನ್ನೂ ತೋರಿಸಿದ: ನಿಂತದ್ದಕ್ಕೆ ಇಷ್ಟು ಸೆಕೆಂಡು,
ಸೆಕೆಂಡಿಗೆ ಇಷ್ಟು ಪೆಟ್ಟಿಗೆ. ನಲವತ್ತು ಅಂದರೆ
ತೀರ ಪುಕ್ಕಲುತನ, ಹದಿನೈದು ಮಾಡಿ.
ನನ್ನ ಕಡತದಲ್ಲಿ ಅದು ಒಂದು ಅಂಕಿ.
ಅಳಿಸಿದೆ, ಬರೆದೆ. ಕಾಫಿ ಆರಿರಲಿಲ್ಲ.

ಬಿರ್ತೆ ಗುರುತಿನ ಮೇಲೆ ಬಂದು ನಿಂತಳು. ನೆಲ ನೋಡಿದಳು.
ಆಮೇಲೆ ಬದಿಗೆ ಸರಿದು,
ನೆಂಟರಿಗೆ ಬಾಗಿಲು ತೆರೆದವರ ಹಾಗೆ ಕೈಚಾಚಿ,
"ನೀವು ಬನ್ನಿ" ಅಂದಳು.

ನಕ್ಕ. ಬಂದ. ಮೆರುಗಿನ ಕಂದು ಬೂಟು.
ಪರದೆಯಲ್ಲಿ ಹೊಸ ಉಗುರುಚೂರು ಎರಡು.
ಯಂತ್ರ ಬಂತು,
ಬಂತು, ಇನ್ನೂ ಬಂತು,
ನಿಂತಿತು. ಸರಿಯಾಗಿ ಹದಿನೈದಕ್ಕೆ. ಕೂದಲೆಳೆ ತಪ್ಪಿಲ್ಲ.
ಅಷ್ಟರಲ್ಲಿ ಪರದೆಯಲ್ಲಿ ಉಳಿದದ್ದು ಒಂದೇ ಕಮಾನು.
ಟೀಡೆಮಾನ್ ಒಂಟಿಕಾಲಲ್ಲಿ ನಿಂತಿದ್ದ, ಕೊಕ್ಕರೆಯಂತೆ.

ಯಾರೂ ನಗಲಿಲ್ಲ. ಊಟದ ಮೇಲೆ ಮೂವತ್ತಕ್ಕೆ ಒಪ್ಪಂದವಾಯಿತು.
ಮೂವತ್ತು ಎಲ್ಲಿಂದ ಬಂತೆಂದು ಕೇಳಬೇಡಿ.
ನಲವತ್ತೂ ಅಲ್ಲಿಂದಲೇ ಬಂದಿತ್ತು.

ಮುನ್ನೂರೂ ಹೋದವು, ಲಾರಿ ತುಂಬಿ.
ಅಲ್ಲಿ ರಾತ್ರಿ ಪಾಳಿಯ ಯಾರದೋ ಪಾದದಿಂದ
ಗೇಣೂವರೆ ಈಚೆ ಒಂದು ನಿಲ್ಲುತ್ತಿರಬೇಕು ಈಗ.
ಅವರು ಏನೋ ಬೈದು ದಾಟಿಹೋಗುತ್ತಾರೆ.
ಬೈಯಲಿ, ಕಾಲು ಇದೆಯಲ್ಲ.

ನಿನ್ನೆ ಸಂಜೆ ಉಳಿದವೆಲ್ಲ ಗೋಡೆಗೆ ಮೂತಿ ಹಚ್ಚಿ
ವಿದ್ಯುತ್ತು ಕುಡಿಯುತ್ತಿದ್ದವು. ಒಂದು ಮಾತ್ರ
ಬ್ಯಾಟರಿ ಮುಗಿದು ಓಣಿಯ ನಡುವೆಯೇ ಕೂತುಬಿಟ್ಟಿತ್ತು.
ಬಿರ್ತೆ ಕೋಟು ತೊಟ್ಟು ಬಂದಳು, ಕೈಯಲ್ಲಿ ಸೈಕಲ್ ಹೆಲ್ಮೆಟ್.
ಅದರ ಮುಂದೆ ಒಂದು ಕ್ಷಣ ನಿಂತಳು, ಅಭ್ಯಾಸ.
ಮತ್ತೆ ಸಾಕಷ್ಟು ಜಾಗ ಬಿಟ್ಟು
ಬಳಸಿಕೊಂಡು ಹೋದಳು.